ಕೇಳುವ ಗೇಜು, ಎಚ್ಚರಿಸುವ ದೀಪ

ಮುಂಬಯಿಯಲ್ಲಿ ರಾತ್ರಿಯಿಡೀ ನಿಂತು ತಣಿದ ಕಾರಿನ ಟೈರುಗಳಿಗೆ ಬೆಳಿಗ್ಗೆ 32 ಪೌಂಡ್ ಗಾಳಿ ತುಂಬಿಸಿ ಹೊರಟವರು ಕಸಾರಾ ಘಾಟಿಯನ್ನೇರಿ, ಇಗತ್‌ಪುರಿಯನ್ನು ದಾಟಿ, ನಾಸಿಕದ ಅಂಬಡ್ ಕೈಗಾರಿಕಾ ಪ್ರದೇಶವನ್ನು ತಲುಪುತ್ತಾರೆ. ಮರುದಿನ ಬೆಳಿಗ್ಗೆ ಹವೆಯ ಉಷ್ಣತೆ ಮುಂಬಯಿಯಷ್ಟೇ ಇದ್ದರೆ, ಹೆದ್ದಾರಿಯ ಬದಿಯ ಪಂಕ್ಚರ್ ಅಂಗಡಿಯ ಗೇಜಿನಲ್ಲಿ ಮುಳ್ಳು 33ರ ಹತ್ತಿರ ನಿಲ್ಲುತ್ತದೆ. ಕಾರಿನೊಳಗಿನ ಪರದೆ ಮಾತ್ರ 32 ಎಂದೇ ತೋರಿಸಬಹುದು. ಅಂಗಡಿಯವನ ಗೇಜು ಕೆಟ್ಟಿದೆ ಎಂದು ತೀರ್ಮಾನಿಸುವುದು ಸುಲಭ. ವಾಸ್ತವದಲ್ಲಿ ಎರಡೂ ಸುಳ್ಳಾಡುತ್ತಿಲ್ಲ.

ಗೇಜು ಅಳೆಯುವುದು ಟೈರಿನೊಳಗಿನ ಗಾಳಿಯ ಒತ್ತಡ ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ನಾಸಿಕದಲ್ಲಿ ಹೊರಗಿನ ಒತ್ತಡವೇ ಚದರ ಅಂಗುಲಕ್ಕೆ ಸುಮಾರು ಒಂದು ಪೌಂಡ್ ಕಡಿಮೆ. ಆದ್ದರಿಂದ ವ್ಯತ್ಯಾಸ ಅಷ್ಟೇ ಹೆಚ್ಚುತ್ತದೆ. ಚಕ್ರದೊಳಗೆ ಕುಳಿತ ಸಂವೇದಕಕ್ಕೆ ಹೊರಗಿನ ಗಾಳಿಯ ಸಂಪರ್ಕವಿಲ್ಲ. ಅದು ಸಾಮಾನ್ಯವಾಗಿ ನಿರ್ವಾತವನ್ನು ಸೊನ್ನೆಯೆಂದು ಹಿಡಿದು ಅಳೆಯುತ್ತದೆ. ಕೆಲವು ವಾಹನಗಳಲ್ಲಿ ಎತ್ತರದ ಲೆಕ್ಕವಿಲ್ಲದೆ, ಸಮುದ್ರಮಟ್ಟದ ಒಂದು ಸ್ಥಿರ ಅಂಕಿಯನ್ನು ಅದರಿಂದ ಕಳೆದು ಪರದೆಗೆ ತರಲಾಗುತ್ತದೆ. ಗಾಳಿ ಒಂದೇ, ಅಳೆಯಲು ನಿಂತ ನೆಲೆಗಳು ಎರಡು. ಈ ಎರಡು ಉಪಕರಣಗಳ ಚರಿತ್ರೆಯೂ ಹೀಗೆಯೇ ಬೇರೆ ಬೇರೆ ನೆಲೆಗಳಿಂದ ಹೊರಟದ್ದು.

ಮುಳ್ಳಿನ ಗೇಜು ಟೈರಿಗಾಗಿ ಹುಟ್ಟಿದ್ದಲ್ಲ. ಅದು ಉಗಿಯಂತ್ರದ ಯುಗದ ಕೂಸು. ಬಾಯ್ಲರುಗಳು ಸಿಡಿದು ಜನ ಸಾಯುತ್ತಿದ್ದ ಕಾಲದಲ್ಲಿ, 1849ರಲ್ಲಿ, ಪ್ಯಾರಿಸಿನ ಯೂಜೀನ್ ಬೂರ್ದೊಂ ಬಾಗಿದ ಚಪ್ಪಟೆ ಕೊಳವೆಯೊಂದು ಒತ್ತಡ ಏರಿದಂತೆ ನೆಟ್ಟಗಾಗಲು ಯತ್ನಿಸುವುದನ್ನು ಬಳಸಿಕೊಂಡು ಮುಳ್ಳನ್ನು ತಿರುಗಿಸಿದ. ಗಾಳಿ ತುಂಬಿದ ಟೈರಿಗೆ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬಂದದ್ದು 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್‌ನಿಂದ. 1893ರಲ್ಲಿ ಅಮೆರಿಕದಲ್ಲಿ ಶ್ರೇಡರ್ ವಾಲ್ವಿಗೆ ಪೇಟೆಂಟ್ ದೊರೆತ ಮೇಲೆ ಗೇಜಿಗೆ ಟೈರಿನ ಬಾಗಿಲು ತೆರೆಯಿತು. ನಮ್ಮ ಕಾರುಗಳ ವಾಲ್ವು ಇಂದಿಗೂ ಅದೇ ಮಾದರಿಯದು. ಅಂದಿನಿಂದ ಗೇಜಿನ ಗುಣ ಒಂದೇ: ಮನುಷ್ಯ ಬಾಗಿ, ಮುಚ್ಚಳ ಬಿಚ್ಚಿ, ಕೇಳಿದರೆ ಮಾತ್ರ ಅದು ಉತ್ತರಿಸುತ್ತದೆ.

ಸಂವೇದಕ ಮೊದಲು ಕಾಣಿಸಿಕೊಂಡದ್ದು ಶ್ರೀಮಂತರ ವಾಹನದಲ್ಲಿ, 1986ರ ಪೋರ್ಷೆ 959ರಲ್ಲಿ. ಅದನ್ನು ಜನಸಾಮಾನ್ಯರ ಕಾರಿಗೆ ತಂದದ್ದು ಸಾವುಗಳು. ಫೈರ್‌ಸ್ಟೋನ್ ಟೈರುಗಳ ಪದರ ಕಳಚಿ, ಮುಖ್ಯವಾಗಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳು ಮಗುಚಿ, ಅಮೆರಿಕದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿನ ವಾದದ ಒಂದು ಎಳೆ ಗಾಳಿಯದೇ ಆಗಿತ್ತು: ವಾಹನ ತಯಾರಕರು ಸೂಚಿಸಿದ್ದ 26 ಪೌಂಡ್ ಸಾಕೇ, 30 ಬೇಕಿತ್ತೇ? ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದ ಪದರಗಳು ಬಿಡುತ್ತವೆ. 2000ದ ನವೆಂಬರಿನಲ್ಲಿ ಅಲ್ಲಿ ಕಾನೂನು ಬಂತು. 2007ರ ಸೆಪ್ಟೆಂಬರಿನಿಂದ ಹೊಸ ಲಘು ವಾಹನಗಳಿಗೆಲ್ಲ ಎಚ್ಚರಿಕೆಯ ದೀಪ ಕಡ್ಡಾಯವಾಯಿತು. ಯುರೋಪ್ 2012 ಮತ್ತು 2014ರಲ್ಲಿ ಎರಡು ಹಂತಗಳಲ್ಲಿ ಹಿಂಬಾಲಿಸಿತು. ಭಾರತ 2020ರಲ್ಲಿ ಬೇರೆ ದಾರಿ ಹಿಡಿಯಿತು: ಟ್ಯೂಬಿಲ್ಲದ ಟೈರು, ದುರಸ್ತಿಯ ಕಿಟ್ಟು ಮತ್ತು ಈ ವ್ಯವಸ್ಥೆ ಇರುವ ಕಾರುಗಳು ಹೆಚ್ಚುವರಿ ಚಕ್ರ ಹೊರಬೇಕಾಗಿಲ್ಲ ಎಂದಿತು.

ಆದರೆ ಅಮೆರಿಕದ ಆ ನಿಯಮ ಕೇಳಿದ್ದೇನು ಎಂಬುದನ್ನು ಗಮನಿಸಬೇಕು. ಒತ್ತಡ ಸೂಚಿತ ಮಟ್ಟಕ್ಕಿಂತ ಶೇಕಡ 25ರಷ್ಟು ಇಳಿದಾಗ ದೀಪ ಹೊತ್ತಿದರೆ ಸಾಕು. ಅಂದರೆ 32 ಇರಬೇಕಾದಲ್ಲಿ 24ಕ್ಕೆ ಇಳಿಯುವವರೆಗೂ ದೀಪ ಮೌನವಾಗಿರಬಹುದು. ಪರದೆಯಲ್ಲಿ ಅಂಕಿ ತೋರಿಸದೆ ಬರಿಯ ದೀಪ ಹೊತ್ತಿಸುವ ಕಾರಿನಲ್ಲಿ ಈ ಎಂಟು ಪೌಂಡುಗಳ ನಡುವೆ ನಡೆಯುವುದನ್ನು ಗೇಜು ಹಿಡಿದವರು ಮಾತ್ರ ಕಾಣಬಲ್ಲರು. ಒತ್ತಡವನ್ನು ಅಳೆಯದೆ, ಬ್ರೇಕಿನ ಎಬಿಎಸ್ ವ್ಯವಸ್ಥೆಯಿಂದ ಚಕ್ರಗಳ ತಿರುಗುವ ವೇಗವನ್ನು ಹೋಲಿಸಿ ಊಹಿಸುವ ಪರೋಕ್ಷ ವ್ಯವಸ್ಥೆಗಳೂ ಇವೆ. ನಾಲ್ಕೂ ಚಕ್ರಗಳು ತಿಂಗಳುಗಟ್ಟಲೆ ಸಮವಾಗಿ ಸೊರಗಿದರೆ ವೇಗದ ಹೋಲಿಕೆಯಷ್ಟರಿಂದಲೇ ಅದು ತಿಳಿಯದು.

ಗೇಜಿಗೂ ಅದರದೇ ಮಿತಿಗಳಿವೆ. ಕೈ ತಪ್ಪಿ ಬಿದ್ದ ಗೇಜು ಸದ್ದಿಲ್ಲದೆ ಒಂದೆರಡು ಪೌಂಡ್ ಆಚೀಚೆಯಾಗುತ್ತದೆ. ಓಡಿ ಬಿಸಿಯಾದ ಟೈರಿಗೆ ಹಿಡಿದರೆ ಅಂಕಿ ಏರಿರುತ್ತದೆ. 10 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಸುಮಾರು ಒಂದೂವರೆ ಪೌಂಡ್. ಎಲ್ಲಕ್ಕಿಂತ ಮುಖ್ಯವಾಗಿ, ಕಸಾರಾ ಘಾಟಿಯ ತಿರುವಿನಲ್ಲಿ ಮೊಳೆ ಚುಚ್ಚಿದಾಗ ಪೆಟ್ಟಿಗೆಯಲ್ಲಿರುವ ಗೇಜು ಏನನ್ನೂ ಹೇಳದು. ಅಲ್ಲಿ ಜೀವ ಉಳಿಸಬಲ್ಲದ್ದು ದೀಪವೇ.

ಹಾಗಾದರೆ ಹೊಣೆ ಯಾರದು? ಇದಕ್ಕೆ ಉತ್ತರ ಇದೇ ಮಹಾರಾಷ್ಟ್ರದಲ್ಲಿ ದೊರೆಯಿತು. 2010ರ ಅಕ್ಟೋಬರಿನಲ್ಲಿ ಪುಣೆಯಿಂದ ಮುಂಬಯಿಗೆ ಹೊರಟಿದ್ದ ಕಾರಿನ ಹಿಂದಿನ ಚಕ್ರ ಸಿಡಿದು, ಕಾರು ಕಂದಕಕ್ಕೆ ಉರುಳಿ, ಒಳಗಿದ್ದ ಒಬ್ಬರು ತೀರಿಕೊಂಡರು. ಕುಟುಂಬಕ್ಕೆ ಪರಿಹಾರ ಕೊಡಬೇಕಾದ ವಿಮಾ ಕಂಪನಿ, ಟೈರು ಸಿಡಿದದ್ದು ದೈವಕೃತ್ಯ ಎಂದು ವಾದಿಸಿತು. 2023ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಅತಿವೇಗ, ಕಡಿಮೆ ಅಥವಾ ಅತಿಯಾದ ಗಾಳಿ, ಹಳೆಯ ಟೈರು, ಉಷ್ಣತೆ ಇವೆಲ್ಲ ಕಾರಣಗಳಾಗಬಲ್ಲವು. ಹೊರಡುವ ಮುನ್ನ ಟೈರಿನ ಸ್ಥಿತಿ ನೋಡುವುದು ಚಾಲಕನ ಅಥವಾ ಮಾಲೀಕನ ಕರ್ತವ್ಯ. ಇದು ಮನುಷ್ಯನ ನಿರ್ಲಕ್ಷ್ಯ ಎಂದಿತು.

ಬಾಯ್ಲರು ಸಿಡಿದಾಗ ವಿಧಿಯನ್ನು ದೂರುತ್ತಿದ್ದವರ ಕೈಗೆ ಬೂರ್ದೊಂ ಮುಳ್ಳೊಂದನ್ನು ಕೊಟ್ಟ ದಿನವೇ ಈ ತೀರ್ಪಿನ ಬೀಜ ಬಿದ್ದಿತ್ತು. ಅಳೆಯಲು ಸಾಧ್ಯವಾದದ್ದನ್ನು ಮತ್ತೆ ದೈವದ ತಲೆಗೆ ಕಟ್ಟಲಾಗದು. ದೀಪ ಹೊತ್ತಿಲ್ಲವೆಂಬ ಸಮಾಧಾನವೂ ಆ ಕರ್ತವ್ಯವನ್ನು ಮುಗಿಸಲಾರದು. ತಿಂಗಳಿಗೊಮ್ಮೆ, ಎಂಜಿನ್ ಬಿಸಿಯಾಗುವ ಮುನ್ನ, ಚಕ್ರದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೇಳುವ ಎರಡು ನಿಮಿಷಗಳನ್ನು ಯಾವ ಸಂವೇದಕವೂ ನಮ್ಮಿಂದ ವಹಿಸಿಕೊಂಡಿಲ್ಲ.