ಹುಣಸೆ ಮರದ ಲೆಕ್ಕ
ಕೊಳ್ಳೇಗಾಲ, ಹನೂರು, ಯಳಂದೂರಿನ ಕೇಳುಗರಿಗೆ ಇವತ್ತಿನ ಕಥೆ ದೂರದ್ದಲ್ಲ. ಕಾವೇರಿ ದಾಟಿ, ಮಳವಳ್ಳಿ ಮೇಲೆ ಮದ್ದೂರಿಗೆ ಹೋಗ್ತೀವಲ್ಲ, ಆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಕಥೆ. ಆ ಊರಿನ ಹತ್ತಿರ ಹರಿಯೋ ಶಿಂಷಾ ನದಿ ಕೊನೆಗೆ ಕಾವೇರಿ ಸೇರೋದು ನಮ್ಮ ಶಿವನಸಮುದ್ರದ ಕೆಳಗಡೆ. ಕೊಕ್ಕಿನ ಕೆಳಗೆ ಚೀಲ ಇಟ್ಕೊಂಡು ಕೆರೆ ಮೇಲೆ ತೇಲೋ ಹೆಜ್ಜಾರ್ಲೆಯನ್ನ ನಮ್ಮ ಕಡೆನೂ ನೋಡಿರ್ತೀರಿ. ಅದೇ ಹಕ್ಕಿ ಅಲ್ಲಿ ಮರಿ ಮಾಡೋದು ಕಾಡಲ್ಲಲ್ಲ, ಮನೆ ಮುಂದಿನ ಹುಣಸೆ ಮರದಲ್ಲಿ. ಜೊತೆಗೆ ಬಣ್ಣದ ಕೊಕ್ಕರೆಗಳೂ ಇರುತ್ತವೆ.

ಪುಸ್ತಕದ ಪ್ರಕಾರ ಈ ಜಾಗ 'ಪತ್ತೆ' ಆಗಿದ್ದು 1976ರಲ್ಲಿ. ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ ಅವರು ಇಲ್ಲಿನ ಹೆಜ್ಜಾರ್ಲೆ ಗೂಡುಗಳ ಬಗ್ಗೆ ಬರೆದು ಹೊರಗಿನ ಲೋಕಕ್ಕೆ ತಿಳಿಸಿದರು. ಅದು ದೊಡ್ಡ ಕೆಲಸವೇ. ಆದರೆ 'ಪತ್ತೆ' ಅನ್ನೋ ಪದ ಕೇಳಿದ್ರೆ ನಂಗೆ ಸ್ವಲ್ಪ ನಗು ಬರುತ್ತೆ. ಊರಿನ ಹೆಸರಲ್ಲೇ ಕೊಕ್ಕರೆ ಇದೆಯಲ್ಲ! ಊರಿನವರು ಹೇಳೋ ಚರಿತ್ರೆ ಇನ್ನೂ ಹಳೇದು. ಮೊದಲು ಊರು ಶಿಂಷಾ ದಡದಲ್ಲೇ ಇತ್ತಂತೆ. 1916ರಲ್ಲಿ ಪ್ಲೇಗ್ ಬಂದಾಗ ಜನ ಅಲ್ಲಿಂದ ಎದ್ದು ಈಗಿನ ಜಾಗಕ್ಕೆ ಬಂದ್ರು, ಹಕ್ಕಿಗಳೂ ಹಿಂದೆಯೇ ಬಂದ್ವು ಅಂತಾರೆ. ಆಗ ನಮ್ಮ ಕೊಳ್ಳೇಗಾಲ ಮೈಸೂರಿಗೇ ಸೇರಿರಲಿಲ್ಲ. 1956ರ ತನಕ ಅದು ಮದ್ರಾಸಿನ ಕೊಯಮತ್ತೂರು ಜಿಲ್ಲೆ. ಕಾವೇರಿ ನಮಗೆ ಗಡಿ, ಹೆಜ್ಜಾರ್ಲೆಗೆ ಮೀನು ಸಿಗೋ ನೀರು, ಅಷ್ಟೇ.

ಈ ಸ್ನೇಹವನ್ನ ಬರೀ ಭಕ್ತಿ ಅಂತ ಹೇಳೋದು ನಂಗೆ ಇಷ್ಟ ಆಗಲ್ಲ. ಹಕ್ಕಿ ಬಂದ್ರೆ ಮಳೆ ಬೆಳೆ ಚೆನ್ನಾಗಿರುತ್ತೆ ಅನ್ನೋ ನಂಬಿಕೆ ಇದೆ, ತವರಿಗೆ ಹೆರಿಗೆಗೆ ಬಂದ ಮಗಳು ಅನ್ನೋ ಮಾತೂ ಇದೆ. ನಾನು ಬಿ.ಕಾಂ. ಓದಿದವನು, ಕಣ್ಣು ಲೆಕ್ಕದ ಕಡೆ ಹೋಗುತ್ತೆ. ಜಮಾ ಕಡೆ ಗೊಬ್ಬರ: ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆ ಗೋಡು ತುಂಬಿ, ಮೇಲಿಂದ ಬೀಳೋ ಹಿಕ್ಕೆ ಸೇರಿಸಿ ಹೊಲಕ್ಕೆ ಹಾಕ್ತಾರೆ. ಖರ್ಚಿನ ಕಡೆ ಹುಣಸೆಹಣ್ಣು. ಹಣ್ಣು ಬಡಿಯೋ ಫೆಬ್ರವರಿ, ಮಾರ್ಚ್‌ನಲ್ಲೇ ಗೂಡಲ್ಲಿ ಮರಿ ಇರುತ್ತೆ. ಮರ ಬಡಿದ್ರೆ ಮರಿ ಉದುರುತ್ತೆ. ಹಾಗಾಗಿ ಬಡಿಯಲ್ಲ, ಆ ವರ್ಷದ ದುಡ್ಡು ಹೋಯ್ತು. ವಾಸನೆ, ಅಂಗಳದ ಗಲೀಜು ಬೇರೆ. ನೇಗಿನಹಾಳರ ಕಾಲದಿಂದ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡೋಕೆ ಶುರು ಮಾಡಿದ್ದು ಇದಕ್ಕೇ. ನನ್ನ ಪ್ರಕಾರ ಅದು ದಾನ ಅಲ್ಲ, ಬಾಡಿಗೆ.

ಮರಿ ಬೆಳೆಯೋದು ನಿಧಾನ. ಮೊಟ್ಟೆ ಒಡೆಯೋಕೆ ಒಂದು ತಿಂಗಳು, ಆಮೇಲೆ ಮೂರರಿಂದ ಐದು ತಿಂಗಳು ಗೂಡಲ್ಲೋ ಅದರ ಸುತ್ತಮುತ್ತಲೋ ವಾಸ. ಈ ನಡುವೆ ಗಾಳಿಗೋ ತಳ್ಳಾಟಕ್ಕೋ ಕೆಲವು ಕೆಳಗೆ ಬೀಳುತ್ತವೆ. ಬಿದ್ದ ಮರಿಗೆ ತಾಯಿ ಕೆಳಗಿಳಿದು ಉಣಿಸಲ್ಲ. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರ ಜೊತೆ ಸೇರಿ ಊರಿನ ಹುಡುಗರು 'ಹೆಜ್ಜಾರ್ಲೆ ಬಳಗ' ಕಟ್ಟಿದ್ದು ಇಂಥ ಅನಾಥ ಮರಿಗಳಿಗೋಸ್ಕರ. ಬೇಲಿ ಹಾಕಿದ ಆವರಣದಲ್ಲಿಟ್ಟು, ಮೀನು ತಂದು ಹಾಕಿ, ರೆಕ್ಕೆ ಬಲಿತ ಮೇಲೆ ಬಿಡೋದು. ಒಂದು ಹೆಜ್ಜಾರ್ಲೆ ಮರಿ ಎಷ್ಟು ಮೀನು ತಿನ್ನುತ್ತೆ ಅಂತ ಸಾಕಿದವರನ್ನೇ ಕೇಳ್ಬೇಕು!

2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶ ಆಯ್ತು. ಆದರೆ 2017ರ ಕೊನೆಯಿಂದ 2018ರ ತನಕ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಬಿದ್ವು. ಪರೀಕ್ಷೆ ಮಾಡಿದಾಗ ಒಳಗೆ ಪರಾವಲಂಬಿ ಹುಳು ಸಿಕ್ತು. ಇಂಥ ಹುಳು ಹಕ್ಕಿಗೆ ಬರೋದು ಮೀನಿನಿಂದ, ಮೀನು ಬರೋದು ಸುತ್ತಲಿನ ಕೆರೆಗಳಿಂದ. ಹುಣಸೆ ಮರ ಊರಿನವರ ಕೈಲಿತ್ತು, ಬಿಟ್ಟುಕೊಟ್ರು. ಕೆರೆಗಳು ಅವರ ಕೈಲಿಲ್ಲ.

ಮರಿಗಳನ್ನ ನೋಡ್ಬೇಕು ಅಂದ್ರೆ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ. ಬೆಳಿಗ್ಗೆ ಬೇಗ ಹೋಗಿ, ಮರದ ಕೆಳಗೆ ನಿಲ್ಲೋ ಹಾಗಿದ್ರೆ ತಲೆಗೆ ಟೋಪಿ ಇರಲಿ. ಡ್ರೋನ್ ಮಾತ್ರ ಮನೇಲೇ ಬಿಟ್ಟು ಹೋಗಿ.