ಬೆಂಗಳೂರಿಗೆ ನರ್ಸಿಂಗ್ ಕಲಿಯಲು ಹೋಗುವವರಿಗೆ: ಕಾನೂನಿನ ಹೊಣೆ ಮತ್ತು ಆರೋಗ್ಯ ವಿಮೆ

ಕರಾವಳಿಯ ನಮ್ಮ ಧರ್ಮಕೇಂದ್ರಗಳಿಂದ ಯುವತಿಯರೂ ಯುವಕರೂ ನರ್ಸಿಂಗ್ ಕಲಿಯಲು ಬೆಂಗಳೂರಿಗೆ ತೆರಳುವುದು ಹೊಸದೇನಲ್ಲ. ಶಿವಾಜಿನಗರ, ಹಲಸೂರು, ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ನಗರದ ಪೂರ್ವಭಾಗದ ಹಾಸ್ಟೆಲುಗಳಲ್ಲಿ ನೆಲೆಸುವವರೂ ಅವರಲ್ಲಿದ್ದಾರೆ. ಶುಲ್ಕ, ಊಟ, ವಸತಿಯ ಬಗ್ಗೆ ಮನೆಯವರು ವಿಚಾರಿಸಿಯೇ ಕಳುಹಿಸುತ್ತಾರೆ. ಆದರೆ ವಾರ್ಡಿನಲ್ಲಿ ತಪ್ಪಾದರೆ ಹೊಣೆ ಯಾರದು, ಕಲಿಯುವವಳಿಗೇ ಕಾಯಿಲೆಯಾದರೆ ಖರ್ಚು ಯಾರದು ಎಂದು ಕೇಳುವವರು ಕಡಿಮೆ. ಈ ಎರಡು ವಿಷಯಗಳ ಬಗ್ಗೆ ಇಲ್ಲಿ ಮಾಹಿತಿ ನೀಡುತ್ತಿದ್ದೇವೆ.

ವಿದ್ಯಾರ್ಥಿನಿ ವಾರ್ಡಿನಲ್ಲಿ ಕೆಲಸ ಮಾಡುವುದು ಮೇಲ್ವಿಚಾರಣೆಯಲ್ಲಿ ಮಾತ್ರ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರಿರಬೇಕು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಪರೀಕ್ಷೆ ಪಾಸಾದ ಮಾತ್ರಕ್ಕೆ ನರ್ಸ್ ಆಗುವುದಿಲ್ಲ. 1961ರ ಕಾಯಿದೆಯ ಪ್ರಕಾರ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ರಾತ್ರಿ ಪಾಳಿಯಲ್ಲಿ ಜನ ಕಡಿಮೆಯಿದ್ದಾಗ ವಿದ್ಯಾರ್ಥಿನಿಯನ್ನೇ ಸಿಬ್ಬಂದಿಯಂತೆ ದುಡಿಸಿಕೊಂಡರೆ ಅಪಾಯ ಆರಂಭವಾಗುವುದು ಅಲ್ಲಿಂದಲೇ.

ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಟೈಫಾಯ್ಡ್‌ಗೆ ಚಿಕಿತ್ಸೆ ಪಡೆಯುತ್ತಿದ್ದ ಮಗುವಿಗೆ ಸೂಕ್ತ ಅರ್ಹತೆಯಿಲ್ಲದ ನರ್ಸ್ ಒಬ್ಬರು ತಪ್ಪು ಇಂಜೆಕ್ಷನ್ ಕೊಟ್ಟರು. ಹೃದಯ ಸ್ತಂಭಿಸಿ ಮಗುವಿನ ಮೆದುಳಿಗೆ ಸರಿಪಡಿಸಲಾಗದ ಹಾನಿಯಾಯಿತು. ಮಗುವಿಗೆ 12.5 ಲಕ್ಷ, ಹೆತ್ತವರಿಗೆ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 1998ರಲ್ಲಿ ಎತ್ತಿಹಿಡಿಯಿತು. ಇಂಥ ಪರಿಹಾರದ ಹೊಣೆ ಆಸ್ಪತ್ರೆಯದು. ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆಯಲ್ಲಿ ಆ ಬಡ ರೋಗಿಯೂ ಗ್ರಾಹಕನೇ ಎಂದು 1995ರಲ್ಲೇ ತೀರ್ಪಾಗಿದೆ. ನಮ್ಮ ಮಿಷನ್ ಆಸ್ಪತ್ರೆಗಳಲ್ಲಿ ದುಡಿಯುವವರು ಇದನ್ನು ನೆನಪಿಡಬೇಕು.

ಕ್ರಿಮಿನಲ್ ಹೊಣೆ ಬೇರೆ. ಅದು ವ್ಯಕ್ತಿಯ ಮೇಲೆಯೇ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷದವರೆಗೆ ಜೈಲು. ನೋಂದಾಯಿತ ವೈದ್ಯರಿಗೆ ಮಾತ್ರ ಇದು ಎರಡು ವರ್ಷ. ಈ ರಿಯಾಯಿತಿಯಲ್ಲಿ ನರ್ಸ್ ಸೇರಿಲ್ಲ, ವಿದ್ಯಾರ್ಥಿಯೂ ಸೇರಿಲ್ಲ. ವೈದ್ಯರು ಹೇಳಿದ್ದನ್ನು ಮಾಡಿದವರಿಗೆ ವೈದ್ಯರಿಗಿಂತ ಹೆಚ್ಚಿನ ಶಿಕ್ಷೆಯಾಗಬಹುದಾದ ಈ ವ್ಯವಸ್ಥೆ ನಮಗಂತೂ ನ್ಯಾಯವೆನಿಸುವುದಿಲ್ಲ. ಆದರೆ ಕಾನೂನು ಸದ್ಯಕ್ಕೆ ಹೀಗಿದೆ. ಆದ್ದರಿಂದ ಕಲಿಸದ ಕೆಲಸವನ್ನು ಒಬ್ಬರೇ ಮಾಡಬೇಡಿ. ಬಾಯಿಮಾತಿನ ಔಷಧ ಆದೇಶವನ್ನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳಿ, ಬರೆಸಿಕೊಳ್ಳಿ. ತಾವು ಕೊಡದ ಔಷಧಕ್ಕೆ ಸಹಿ ಹಾಕಬೇಡಿ. "ಇದು ನನಗೆ ಬರುವುದಿಲ್ಲ ಸಿಸ್ಟರ್" ಎನ್ನಲು ಸಂಕೋಚ ಬೇಡ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸಂಶಯ ಬಂದರೆ ಪೋಕ್ಸೋ ಕಾಯಿದೆಯ ಪ್ರಕಾರ ಪೊಲೀಸರಿಗೆ ತಿಳಿಸುವ ಕರ್ತವ್ಯ ವಿದ್ಯಾರ್ಥಿಗೂ ಇದೆ.

ಇನ್ನು ವಿಮೆ. ಶುಲ್ಕದ ಜೊತೆ ಕಾಲೇಜು ವಿಮೆಯ ಹಣ ಪಡೆದಿದ್ದರೆ ಪಾಲಿಸಿಯ ಪ್ರತಿಯನ್ನು ಕೇಳಿ ಪಡೆಯಿರಿ. ಅದು ಅಪಘಾತ ವಿಮೆ ಮಾತ್ರವಾಗಿದ್ದರೆ ಡೆಂಗಿ ಜ್ವರಕ್ಕೆ ಒಂದು ರೂಪಾಯಿಯೂ ಸಿಗದು. ಆರೋಗ್ಯ ವಿಮೆಯಿದ್ದರೂ ಸಾಮಾನ್ಯವಾಗಿ 24 ಗಂಟೆ ಒಳರೋಗಿಯಾಗಿರಬೇಕು. ಹೊಸ ಪಾಲಿಸಿಗೆ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ಹಣ ಸಿಗುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಮೂರು ವರ್ಷ ಕಾಯಿಸಬಹುದು. ಅಂಥ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ.

ವಿದ್ಯಾರ್ಥಿಗೆ ವಾರ್ಡಿನಲ್ಲಿ ಎದುರಾಗುವ ದೊಡ್ಡ ಭಯವೆಂದರೆ ರೋಗಿಗೆ ಬಳಸಿದ ಸೂಜಿ ಚುಚ್ಚುವುದು. ರಕ್ತ ಪರೀಕ್ಷೆ, ಮಾತ್ರೆ ಎಲ್ಲವೂ ಹೊರರೋಗಿಯಾಗಿಯೇ ಮುಗಿಯುವುದರಿಂದ ಸಾಮಾನ್ಯ ಆರೋಗ್ಯ ವಿಮೆ ಇಲ್ಲಿ ನೆರವಿಗೆ ಬಾರದು. ಇಲ್ಲಿ ಕೆಲಸಕ್ಕೆ ಬರುವುದು ಕಾನೂನು. 2017ರ ಎಚ್‌ಐವಿ ಕಾಯಿದೆಯ ಪ್ರಕಾರ, ಸೋಂಕು ತಗಲಬಹುದಾದ ಕೆಲಸ ಮಾಡುವವರಿಗೆ ರಕ್ಷಣಾ ಸಾಮಗ್ರಿ, ತರಬೇತಿ ಮತ್ತು ತಡೆ ಔಷಧವನ್ನು ಆಸ್ಪತ್ರೆಯೇ ಒದಗಿಸಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ತ್ಯಾಜ್ಯ ಮುಟ್ಟುವವರಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು. ಹಾಗಾಗಿ ಊರಿನಲ್ಲಿರುವಾಗಲೇ ಆರಂಭಿಸುವುದು ಒಳ್ಳೆಯದು.

ಸೂಜಿ ಚುಚ್ಚಿದರೆ ಹಿಂಡಬೇಡಿ, ಬೆರಳನ್ನು ಬಾಯಿಗೆ ಇಡಬೇಡಿ. ಸಾಬೂನು ನೀರಿನಿಂದ ತೊಳೆಯಿರಿ. ಕೂಡಲೇ ವಾರ್ಡ್ ಸಿಸ್ಟರ್‌ಗೆ ತಿಳಿಸಿ. ಎಚ್‌ಐವಿ ತಡೆ ಔಷಧ ಬೇಕೆಂದು ವೈದ್ಯರು ಹೇಳಿದರೆ ಎರಡು ಗಂಟೆಯೊಳಗೆ ಆರಂಭಿಸುವುದು ಉತ್ತಮ, 72 ಗಂಟೆ ಮೀರಬಾರದು. 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಕಳೆದುಹೋಗುವುದು ಈ ಗಂಟೆಗಳೇ. ಘಟನೆಯ ಲಿಖಿತ ವರದಿಯ ಪ್ರತಿ ನಿಮ್ಮ ಬಳಿಯೂ ಇರಲಿ.

ಖಾಸಗಿ ಪಾಲಿಸಿ ಕೊಳ್ಳಲಾಗದ ಕುಟುಂಬಗಳಿಗೂ ದಾರಿಯಿದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯೊಳಗೆ ಸಿಗುತ್ತದೆ. ತುರ್ತು ಪರಿಸ್ಥಿತಿ ಬಿಟ್ಟರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಪೂರ್ವ ಬೆಂಗಳೂರಿನಲ್ಲಿರುವವರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಹತ್ತಿರ. ರೇಷನ್ ಕಾರ್ಡಿನಲ್ಲಿ ವಿದ್ಯಾರ್ಥಿಯ ಹೆಸರಿರಬೇಕು. ಕಾರ್ಡು ಊರಿನ ಮನೆಯಲ್ಲೇ ಉಳಿಯುವುದರಿಂದ ಅದರ ಪ್ರತಿಯನ್ನೂ ಆಧಾರ್ ಪ್ರತಿಯನ್ನೂ ಟ್ರಂಕಿನಲ್ಲಿಟ್ಟು ಕಳುಹಿಸಿ.

ತಂದೆ ಅಥವಾ ತಾಯಿಗೆ ಇ.ಎಸ್.ಐ. ಇದ್ದರೆ ಅವರ ಆದಾಯವನ್ನೇ ಪೂರ್ತಿ ಅವಲಂಬಿಸಿರುವ ಅವಿವಾಹಿತ ಮಗಳಿಗೂ, ಓದುತ್ತಿರುವ ಮಗನಿಗೆ 21 ವರ್ಷದವರೆಗೂ ಚಿಕಿತ್ಸೆ ಸಿಗುತ್ತದೆ. ಇಂದಿರಾನಗರದಲ್ಲಿ ಇ.ಎಸ್.ಐ. ಆಸ್ಪತ್ರೆಯಿದೆ. ಬೇರೆ ಊರಿನಲ್ಲಿರುವ ಕುಟುಂಬದವರಿಗೆ ಪ್ರತ್ಯೇಕ ಡಿಸ್ಪೆನ್ಸರಿ ಗೊತ್ತುಮಾಡಿಕೊಳ್ಳಲು ಅವಕಾಶವಿದೆ. ಇದನ್ನು ಹೆತ್ತವರು ಮಗಳು ಊರು ಬಿಡುವ ಮೊದಲೇ ಮಾಡಿಸಬೇಕು. ವಾಳೆಯ ಗುರಿಕಾರರು ತಮ್ಮಲ್ಲಿಂದ ಈ ವರ್ಷ ಹೊರಡುವವರ ಮನೆಗಳಿಗೆ ಈ ಮಾಹಿತಿ ತಲುಪಿಸಬೇಕೆಂದು ಕೋರುತ್ತೇವೆ.