ಹಿಲ್ಟನ್ ಇಂಟರ್‌ನ್ಯಾಷನಲ್: ಒಡೆತನ ಮತ್ತು ನಿರ್ವಹಣೆ ಬೇರ್ಪಟ್ಟ ಚರಿತ್ರೆ

ಕನ್ನಡದ ದಿನಬಳಕೆಯಲ್ಲಿ ‘ಹೋಟೆಲು’ ಎಂದೊಡನೆ ನೆನಪಿಗೆ ಬರುವುದು ಊಟ-ತಿಂಡಿಯ ಸ್ಥಳ. ಅದರ ಮಾಲೀಕರು ಸಾಮಾನ್ಯವಾಗಿ ಗಲ್ಲಾಪೆಟ್ಟಿಗೆಯ ಮುಂದೆಯೇ ಕುಳಿತಿರುತ್ತಾರೆ. ಒಡೆತನ, ಆಡಳಿತ ಮತ್ತು ನಷ್ಟದ ಹೊಣೆ ಈ ಮೂರೂ ಅಲ್ಲಿ ಒಬ್ಬರಲ್ಲಿಯೇ ಕೂಡಿರುತ್ತವೆ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೇಶದೇಶಗಳಿಗೆ ಹರಡಿದ ದೊಡ್ಡ ವಸತಿ ಹೋಟೆಲು ಕಂಪನಿಗಳು ಬೆಳೆದದ್ದು ಈ ಮೂರನ್ನೂ ಬೇರ್ಪಡಿಸುವ ಮೂಲಕ. ಹಿಲ್ಟನ್ ಕಂಪನಿಯನ್ನು ನಿದರ್ಶನವಾಗಿ ಇಟ್ಟುಕೊಂಡು, ಈ ಬೇರ್ಪಡೆ ಹೇಗೆ ನಡೆಯಿತು, ಅದರ ಭಾರ ಯಾರ ಮೇಲೆ ಬಿದ್ದಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಅನ್ನಾಬೆಲ್ ಜೇನ್ ವಾರ್ಟನ್ ಅವರು 2001ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಹೋಟೆಲುಗಳ ವಾಸ್ತುಶೈಲಿಯನ್ನು ಶೀತಲ ಸಮರದ ಹಿನ್ನೆಲೆಯಲ್ಲಿ ವಿವೇಚಿಸಿದ್ದಾರೆ. ಕಟ್ಟಡದಷ್ಟೇ ಅದರ ಹಿಂದಿನ ಕರಾರುಪತ್ರವೂ ಚಾರಿತ್ರಿಕ ದಾಖಲೆ ಎಂಬುದು ಇಲ್ಲಿನ ನಿಲುವು.

ಕಾನ್ರಾಡ್ ಹಿಲ್ಟನ್ (1887-1979) ಈ ವ್ಯವಸಾಯಕ್ಕೆ ಇಳಿದದ್ದು 1919ರಲ್ಲಿ, ಟೆಕ್ಸಾಸ್‌ನ ಸಿಸ್ಕೋ ಎಂಬ ತೈಲದ ಊರಿನಲ್ಲಿ. ಅಲ್ಲಿ ಅವರು ಕೊಂಡ ಮೊಬ್ಲಿ ಹೋಟೆಲಿನ ಹಾಸಿಗೆಗಳನ್ನು ತೈಲ ಕಾರ್ಮಿಕರಿಗೆ ಎಂಟೆಂಟು ಗಂಟೆಗಳ ಸರದಿಯಂತೆ ಬಾಡಿಗೆಗೆ ಕೊಡಲಾಗುತ್ತಿತ್ತು. 1925ರಲ್ಲಿ ತೆರೆದ ಡಾಲಸ್ ಹಿಲ್ಟನ್‌ಗೆ ಅವರು ನೆಲವನ್ನು ಕೊಳ್ಳದೆ ದೀರ್ಘಾವಧಿಯ ಗುತ್ತಿಗೆಗೆ ಪಡೆದರು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಹಲವು ಹೋಟೆಲುಗಳು ಅವರ ಕೈತಪ್ಪಿದವು. ಸಾಲ ಮಾಡಿ ಕಟ್ಟಿದ ಗೋಡೆ ಕಷ್ಟಕಾಲದಲ್ಲಿ ಮಾಲೀಕನನ್ನೇ ಮುಳುಗಿಸಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ. ಚೇತರಿಸಿಕೊಂಡ ಅವರು 1946ರಲ್ಲಿ ಹಿಲ್ಟನ್ ಹೋಟೆಲ್ಸ್ ಕಾರ್ಪೊರೇಷನ್ ಸ್ಥಾಪಿಸಿದರು. 1949ರಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಅವರ ವಶಕ್ಕೆ ಬಂದಿತು.

ಅದೇ 1949ರಲ್ಲಿ ಪೋರ್ಟೊರಿಕೊದ ಸಾನ್ ಹುವಾನ್‌ನಲ್ಲಿ ಕರೀಬ್ ಹಿಲ್ಟನ್ ಆರಂಭವಾಯಿತು. ಕೈಗಾರಿಕೀಕರಣದ ಹಾದಿ ಹಿಡಿದಿದ್ದ ಅಲ್ಲಿನ ಸರ್ಕಾರಕ್ಕೆ ಹೂಡಿಕೆದಾರರನ್ನೂ ಪ್ರವಾಸಿಗರನ್ನೂ ಸೆಳೆಯುವ ವಸತಿಗೃಹ ಬೇಕಾಗಿತ್ತು. ನೆಲ, ಕಟ್ಟಡ ಮತ್ತು ಪೀಠೋಪಕರಣಗಳ ವೆಚ್ಚವನ್ನು ಸರ್ಕಾರದ ಅಭಿವೃದ್ಧಿ ಸಂಸ್ಥೆಯೇ ಭರಿಸಿತು. ಹಿಲ್ಟನ್ ಅದನ್ನು ಗುತ್ತಿಗೆಗೆ ಪಡೆದು, ನಿರ್ವಹಣಾ ಲಾಭದ ಮೂರರಲ್ಲಿ ಎರಡು ಪಾಲನ್ನು ಬಾಡಿಗೆಯಾಗಿ ಕೊಟ್ಟು ಉಳಿದದ್ದನ್ನು ತಾನು ಇಟ್ಟುಕೊಳ್ಳುವಂತೆ ಕರಾರಾಯಿತು. ಸ್ವಂತದ ಅಲ್ಪ ಹಣದಿಂದ ಹೊರದೇಶಗಳಲ್ಲಿ ಬೆಳೆಯಬಹುದೆಂಬ ಮಾದರಿ ಇಲ್ಲಿ ಸಿದ್ಧವಾಯಿತು. ಹಿಲ್ಟನ್ ಇಂಟರ್‌ನ್ಯಾಷನಲ್ ಎಂಬ ಅಂಗಸಂಸ್ಥೆ ಈ ಮಾದರಿಯನ್ನು ಇತರೆಡೆಗೆ ಒಯ್ದಿತು.

1953ರಲ್ಲಿ ಮ್ಯಾಡ್ರಿಡ್, 1955ರಲ್ಲಿ ಇಸ್ತಾಂಬುಲ್, 1959ರಲ್ಲಿ ಕೈರೋ ನಗರಗಳಲ್ಲಿ ಹಿಲ್ಟನ್ ಹೋಟೆಲುಗಳು ತಲೆಯೆತ್ತಿದವು. ಇವುಗಳಲ್ಲಿ ಇಸ್ತಾಂಬುಲ್‌ನ ನಿದರ್ಶನ ವಿಶೇಷ ಗಮನಕ್ಕೆ ಅರ್ಹವಾಗಿದೆ. ಅಮೆರಿಕದ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆ ಮತ್ತು ತುರ್ಕಿಯ ಸೆದಾದ್ ಹಕ್ಕಿ ಎಲ್ದೆಮ್ ಕೂಡಿ ರೂಪಿಸಿದ ಆ ಕಟ್ಟಡಕ್ಕೆ ಅಮೆರಿಕದ ನೆರವಿನ ಜೊತೆಗೆ ತುರ್ಕಿ ಸರ್ಕಾರಿ ನೌಕರರ ಪಿಂಚಣಿ ನಿಧಿಯ ಹಣವೂ ಸೇರಿತು. ನಿಧಿಯೇ ಅದರ ಒಡೆಯನಾಯಿತು. ಅಂತಾರಾಷ್ಟ್ರೀಯ ವಾಣಿಜ್ಯ ಮತ್ತು ಪ್ರವಾಸಗಳಿಂದ ವಿಶ್ವಶಾಂತಿ ಸಾಧ್ಯವೆಂದು ಕಾನ್ರಾಡ್ ಹಿಲ್ಟನ್ ಸಾರುತ್ತಿದ್ದರು. ಡಾಲರ್ ಕೊರತೆಯಲ್ಲಿದ್ದ ಸರ್ಕಾರಗಳಿಗಾದರೋ ಈ ಆದರ್ಶಕ್ಕಿಂತ ವಿದೇಶಿ ವಿನಿಮಯದ ಗಳಿಕೆಯೇ ಹತ್ತಿರದ ಪ್ರಶ್ನೆಯಾಗಿತ್ತು.

ಈ ಏರ್ಪಾಡು ಕಠಿಣ ಪರೀಕ್ಷೆಗೆ ಒಳಗಾದದ್ದು ಕ್ಯೂಬಾದಲ್ಲಿ. 1958ರ ಮಾರ್ಚಿನಲ್ಲಿ ತೆರೆದ ಹವಾನಾ ಹಿಲ್ಟನ್‌ನ ಒಡೆತನ ಹೋಟೆಲು ಮತ್ತು ಉಪಾಹಾರ ಗೃಹಗಳ ಕಾರ್ಮಿಕರ ನಿವೃತ್ತಿ ನಿಧಿಗೆ ಸೇರಿತ್ತು. ಅಡುಗೆಯವರ, ಮಾಣಿಗಳ, ಕೋಣೆ ಗುಡಿಸುವವರ ಮುಪ್ಪಿನ ಆಸರೆಯ ಹಣ ಆ ಗೋಪುರಕ್ಕೆ ತಳಪಾಯವಾಗಿತ್ತು. 1959ರ ಜನವರಿಯಲ್ಲಿ ಹವಾನಾ ಪ್ರವೇಶಿಸಿದ ಫಿಡೆಲ್ ಕ್ಯಾಸ್ಟ್ರೋ ಕೆಲವು ತಿಂಗಳು ಆ ಹೋಟೆಲನ್ನೇ ತಮ್ಮ ಕಾರ್ಯಸ್ಥಾನವಾಗಿ ಮಾಡಿಕೊಂಡರು. 1960ರಲ್ಲಿ ಅದು ರಾಷ್ಟ್ರೀಕರಣಗೊಂಡು, ಹವಾನಾ ಲಿಬ್ರೆ ಎಂಬ ಹೆಸರಿನಲ್ಲಿ ಮುಂದುವರಿಯಿತು. ಪ್ರವಾಸಿಗರು ಬರದಿದ್ದರೂ ಗುತ್ತಿಗೆದಾರನಾದ ಕಂಪನಿ ಸಂಬಳ ಮತ್ತು ದಿನನಿತ್ಯದ ಖರ್ಚನ್ನು ಹೊರಬೇಕಾಗುತ್ತದೆ ಎಂಬ ಪಾಠವನ್ನು ಹಿಲ್ಟನ್ ಇದರಿಂದ ಕಲಿಯಿತು. ಮುಂದೆ ಅದು ಗುತ್ತಿಗೆಯ ಬದಲು ನಿರ್ವಹಣಾ ಒಪ್ಪಂದದ ಕಡೆಗೆ ವಾಲಿತು.

ಗುತ್ತಿಗೆ ಮತ್ತು ನಿರ್ವಹಣಾ ಒಪ್ಪಂದಗಳ ನಡುವಿನ ವ್ಯತ್ಯಾಸ ಮೇಲುನೋಟಕ್ಕೆ ಕಾಣುವಷ್ಟು ಸಣ್ಣದಲ್ಲ. ಗುತ್ತಿಗೆಯಲ್ಲಿ ಕಂಪನಿ ಬಾಡಿಗೆದಾರ. ನಿರ್ವಹಣಾ ಒಪ್ಪಂದದಲ್ಲಿ ಅದು ಮಾಲೀಕನ ಪರವಾಗಿ ಕೆಲಸ ಮಾಡುವ ಕಾರ್ಯಕರ್ತ. ಸಂಬಳ, ದಿನಸಿ, ವಿದ್ಯುತ್ತು, ದುರಸ್ತಿಗಳೆಲ್ಲವೂ ಮಾಲೀಕನ ಖಾತೆಗೆ ಬೀಳುತ್ತವೆ. ಕಂಪನಿಗೆ ಒಟ್ಟು ವರಮಾನದ ಮೇಲೆ ಮೂಲ ಶುಲ್ಕವೂ ನಿರ್ವಹಣಾ ಲಾಭದ ಮೇಲೆ ಪ್ರೋತ್ಸಾಹಕ ಶುಲ್ಕವೂ ದೊರೆಯುತ್ತವೆ. ಹೀಗಾಗಿ ಮಾಲೀಕ ನಷ್ಟದಲ್ಲಿದ್ದರೂ ಮೂಲ ಶುಲ್ಕ ನಿಲ್ಲುವುದಿಲ್ಲ. ಇದಕ್ಕೆ ಪ್ರತಿಯಾಗಿ ಮಾಲೀಕನಿಗೆ ಸಿಗುವುದು ತರಬೇತಿ ಪಡೆದ ಆಡಳಿತಗಾರರು, ಏಕರೂಪದ ಸೇವಾಕ್ರಮ, ಪರಿಚಿತ ಹೆಸರು ಹಾಗೂ ಮುಂಗಡ ಕಾಯ್ದಿರಿಸುವಿಕೆಯ ಜಾಲ. 1955ರಲ್ಲಿ ಆರಂಭವಾದ ಹಿಲ್ಕ್ರಾನ್ ಎಂಬ ಕೇಂದ್ರೀಯ ಕಾಯ್ದಿರಿಸುವಿಕೆ ಕಚೇರಿಯ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು.

ಒಡೆತನದಿಂದ ಕಳಚಿಕೊಂಡ ಹೆಸರು ಕ್ರಮೇಣ ತಾನೇ ಮಾರಾಟದ ಸರಕಾಯಿತು. 1964ರಲ್ಲಿ ಹಿಲ್ಟನ್ ಇಂಟರ್‌ನ್ಯಾಷನಲ್ ಮೂಲ ಕಂಪನಿಯಿಂದ ಬೇರೆಯಾದಾಗ ಅಮೆರಿಕದ ಹೊರಗೆ ಹಿಲ್ಟನ್ ಎಂಬ ಹೆಸರಿನ ಹಕ್ಕೂ ಅದರ ಜೊತೆಗೆ ಹೋಯಿತು. 1967ರಲ್ಲಿ ಅದನ್ನು ಟಿ.ಡಬ್ಲ್ಯು.ಎ. ವಿಮಾನ ಸಂಸ್ಥೆ ಕೊಂಡಿತು. 1987ರಲ್ಲಿ ಅದು ಬ್ರಿಟನ್ನಿನ ಲ್ಯಾಡ್‌ಬ್ರೋಕ್ ಕಂಪನಿಯ ಪಾಲಾಯಿತು. ಸ್ವಂತ ಹೆಸರನ್ನೇ ಹೊರದೇಶಗಳಲ್ಲಿ ಬಳಸಲಾಗದ ಅಮೆರಿಕದ ಹಿಲ್ಟನ್, 1982ರಲ್ಲಿ ಸ್ಥಾಪಕರ ಮೊದಲ ಹೆಸರಾದ ‘ಕಾನ್ರಾಡ್’ ಅನ್ನು ಮುಂದಿಡಬೇಕಾಯಿತು. ಎರಡು ಕವಲುಗಳೂ ಮತ್ತೆ ಕೂಡಿದ್ದು 2006ರಲ್ಲಿ. ಮರುವರ್ಷವೇ ಬ್ಲ್ಯಾಕ್‌ಸ್ಟೋನ್ ಸಂಸ್ಥೆ ಸುಮಾರು 2,600 ಕೋಟಿ ಡಾಲರಿನ ವ್ಯವಹಾರದಲ್ಲಿ ಇಡೀ ಕಂಪನಿಯನ್ನು ಕೊಂಡು, 2013ರಲ್ಲಿ ಷೇರು ಮಾರುಕಟ್ಟೆಗೆ ತಂದಿತು. 2017ರಲ್ಲಿ ಸ್ವಂತ ಕಟ್ಟಡಗಳ ಬಹುಭಾಗವನ್ನು ಪಾರ್ಕ್ ಹೋಟೆಲ್ಸ್ ಅಂಡ್ ರೆಸಾರ್ಟ್ಸ್ ಎಂಬ ಪ್ರತ್ಯೇಕ ಕಂಪನಿಗೆ ವಹಿಸಲಾಯಿತು. ಸಾನ್ ಹುವಾನ್‌ನಲ್ಲಿ ಆರಂಭವಾದ ಬೇರ್ಪಡೆ ಹೀಗೆ ಅಮೆರಿಕದಲ್ಲಿಯೂ ಪೂರ್ಣಗೊಂಡಿತು. ಅತ್ತ ಕೈರೋದಲ್ಲಿ ನೈಲ್ ನದಿಯ ದಡದ ಕಟ್ಟಡ ಹಿಲ್ಟನ್ ಹೆಸರನ್ನು ಕಳಚಿಕೊಂಡು, 2015ರಲ್ಲಿ ರಿಟ್ಜ್-ಕಾರ್ಲ್ಟನ್ ಆಗಿ ಮತ್ತೆ ತೆರೆಯಿತು.

ಕರ್ನಾಟಕವೂ ಈ ಚರಿತ್ರೆಯಿಂದ ಹೊರಗಿಲ್ಲ. ಬೆಂಗಳೂರಿನ ಎಂಬೆಸಿ ಮಾನ್ಯತಾದಲ್ಲಿ 2022ರಲ್ಲಿ ತೆರೆದ ಹಿಲ್ಟನ್ ಹೋಟೆಲುಗಳ ಕಟ್ಟಡವನ್ನು ಕಟ್ಟಿಸಿದ್ದು ಹಿಲ್ಟನ್ ಅಲ್ಲ. 2019ರಲ್ಲಿ ಷೇರುಪೇಟೆ ಪ್ರವೇಶಿಸಿದ, ಸಾರ್ವಜನಿಕರೂ ಹಣ ಹೂಡಿರುವ ಎಂಬೆಸಿ ಸ್ಥಿರಾಸ್ತಿ ಹೂಡಿಕೆ ಟ್ರಸ್ಟ್.

ಅಂತಾರಾಷ್ಟ್ರೀಯ ಹೋಟೆಲು ಕಂಪನಿಯ ಬೆಳವಣಿಗೆಯನ್ನು ಕೋಣೆಗಳ ಸಂಖ್ಯೆಯಿಂದಲೋ ಧ್ವಜ ಹಾರಿದ ದೇಶಗಳ ಪಟ್ಟಿಯಿಂದಲೋ ಅಳೆಯುವುದು ರೂಢಿಯಾಗಿದೆ. ಸ್ಥಳೀಯ ಮಾಲೀಕನಿಗೆ ಈ ವ್ಯವಸ್ಥೆ ಜಗತ್ತಿನ ಮಾರುಕಟ್ಟೆಯ ಬಾಗಿಲನ್ನು ತೆರೆದದ್ದು ನಿಜ. ಆದರೆ ಯುದ್ಧ, ಕ್ರಾಂತಿ, ರೋಗರುಜಿನಗಳ ಕಾಲದಲ್ಲಿ ಕೋಣೆಗಳು ಬರಿದಾದಾಗ, ಗೋಡೆಯೊಳಗಿನ ಹಣ ಯಾರದೋ ಅವರೇ ಮೊದಲು ಬೆಲೆ ತೆರುತ್ತಾರೆ. ಇಸ್ತಾಂಬುಲ್‌ನ ನೌಕರರ ಪಿಂಚಣಿ, ಹವಾನಾದ ಮಾಣಿಗಳ ಉಳಿತಾಯ, ನಮ್ಮ ಕಾಲದ ಸಣ್ಣ ಹೂಡಿಕೆದಾರರ ಹಣ ಇವೆಲ್ಲವೂ ಹೊರಗಿನ ಫಲಕದ ಮೇಲೆ ಕಾಣದ ಹೆಸರುಗಳು. ಹೋಟೆಲು ಉದ್ಯಮದ ಚರಿತ್ರೆ ಆ ಹೆಸರುಗಳನ್ನೂ ಒಳಗೊಂಡಾಗ ಮಾತ್ರ ಸಮಗ್ರವಾಗುತ್ತದೆ.